ಕೆಂಪು ಪೆಟ್ಟಿಗೆಯಲ್ಲಿ ಹಳದಿ ತೋಟಾ

ಬಂದೂಕಿನ ಗುರಿ ಕಲಿಸುವ ಮೈದಾನದ ಉಗ್ರಾಣ ಅವಳ ಕೈಗೆ ಬಂದು ಹನ್ನೊಂದು ವರ್ಷವಾಗಿತ್ತು. ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯಲು ಬರುವವರೆಲ್ಲ ಅವಳನ್ನು ಉಗ್ರಾಣದಕ್ಕ ಎನ್ನುತ್ತಿದ್ದರು. ಗಂಡ ಮಾತ್ರ, "ಹಾಲು ಉಕ್ಕಿದ್ರೂ ಇವಳಿಗೆ ಬೆಕ್ಕಿನ ಮೇಲೇ ಅನುಮಾನ" ಎಂದು ನಗುತ್ತಿದ್ದ.

ಆ ಕೆಲಸಕ್ಕೆ ಅನುಮಾನ ಬೇಕೇ ಬೇಕಿತ್ತು. ದೊಡ್ಡ ಬಂದೂಕಿನ ತೋಟಾಗಳು ಕೆಂಪು, ಹೊಸದಾಗಿ ಕಲಿಯುವವರ ಸಣ್ಣ ಬಂದೂಕಿನವು ಹಳದಿ. ಕೆಂಪಿಗೆ ಎಡಗಡೆಯ ಕಪಾಟು, ಹಳದಿಗೆ ಬಲಗಡೆಯದು. ದೊಡ್ಡ ನಳಿಗೆಗೆ ಹಳದಿ ತೋಟಾ ಬಿದ್ದರೆ ಜಾರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದುಕೊಂಡು ಅದರ ಹಿಂದೆ ಕೆಂಪು ತೋಟಾ ತುಂಬಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ.

ಒಂದು ಸೋಮವಾರ ಕೆಂಪು ಪೆಟ್ಟಿಗೆಯಲ್ಲಿ ಒಂದು ಹಳದಿ ತೋಟಾ ಸಿಕ್ಕಿತು. ಗುರುವಾರ ಮತ್ತೆರಡು. ಇದು ಕೈತಪ್ಪಲ್ಲ, ಯಾರದೋ ಕೈವಾಡ ಎನ್ನಿಸಿತು.

ಕಸ ಗುಡಿಸುವವನನ್ನು ಹಿಂದಿನ ತಿಂಗಳಷ್ಟೇ ಅವಳು ಬೈದಿದ್ದಳು. ಅವನು ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಆರಿಸಿ ತಂದು ಇಡುವಾಗ ಕಪಾಟಿನ ಪಕ್ಕದಲ್ಲೇ ಓಡಾಡುತ್ತಿದ್ದ. ಹೊಡೆಯಲು ಬಂದವರು ಸಾಲಾಗಿ ನಿಂತಿರುವಾಗಲೇ ಅವನನ್ನು ತಡೆದಳು.

"ಚೀಲ ತೆಗಿ, ನೋಡೋಣ."

"ಯಾಕಕ್ಕ? ನಾನೇನು ಮಾಡ್ದೆ?"

ಚೀಲದಲ್ಲಿ ಊಟದ ಡಬ್ಬಿ, ಒಂದು ಟವೆಲ್ಲು, ಅಷ್ಟೇ. ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ. ಮಾರನೆಯ ದಿನದಿಂದ ಮಗಳಿಗೆ ಜ್ವರವೆಂದು ಒಂದು ವಾರ ರಜೆ ಹಾಕಿದ.

ಆ ವಾರವೂ ಮೂರು ಹಳದಿ ತೋಟಾ ಸಿಕ್ಕವು.

ಇನ್ನುಳಿದದ್ದು ಉಗ್ರಾಣದ ಇನ್ನೊಂದು ಬೀಗದ ಕೈ ಇಟ್ಟುಕೊಂಡಿದ್ದ, ಗುರಿ ಕಲಿಸುವ ಮೇಷ್ಟ್ರು ಮಾತ್ರ. ಕೆಂಪು ಎಡಕ್ಕೆ, ಹಳದಿ ಬಲಕ್ಕೆ ಎಂಬ ಪಾಠ ಅವಳಿಗೆ ಹೇಳಿಕೊಟ್ಟವರೇ ಅವರು. ಆದರೆ ಈಚೆಗೆ ಅವರ ಶಿಷ್ಯೆಯೊಬ್ಬಳು ಅವರ ಗುರಿಯ ದಾಖಲೆಗೆ ತೀರ ಹತ್ತಿರ ಬಂದಿದ್ದಳು. ಹೊಟ್ಟೆಕಿಚ್ಚೇ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾದರೂ ಯೋಚನೆ ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಮೇಷ್ಟ್ರು ಪಾಠ ಮುಗಿಸಿ ಬಂದು ಜೇಬಿನಲ್ಲಿ ಉಳಿದ ತೋಟಾಗಳನ್ನು ಒಂದೊಂದಾಗಿ ತೆಗೆದು ಮೂಗಿನ ಹತ್ತಿರ ಹಿಡಿದರು. ಕ್ಷಣ ತಡೆದು ಹಳದಿಯೊಂದನ್ನು ಕೆಂಪು ಪೆಟ್ಟಿಗೆಗೆ ಹಾಕಿದರು.

ಅವಳು ಒಳಗೆ ಹೋಗಿ ಇನ್ನೊಂದು ಹಳದಿ ತೋಟಾವನ್ನು ಅವರ ಅಂಗೈಗೆ ಇಟ್ಟಳು.

"ಇದು ಯಾವುದು ಮೇಷ್ಟ್ರೇ?"

"ಕೆಂಪಲ್ವೇನಮ್ಮಾ," ಎಂದವರು ಅವಳ ಮೌನ ಕೇಳಿ ಕುರ್ಚಿಗೆ ಕುಸಿದರು. "ಹೋದ ಚಳಿಗಾಲದಿಂದ ಎಲ್ಲಾ ಮಂಜು ಮಂಜು, ಬಣ್ಣಾನೂ ತಿಳಿಯಲ್ಲ. ಕಣ್ಣು ಹೋದ್ರೂ ಬೆರಳಿಗೆ ಗೊತ್ತಾಗುತ್ತೆ ಅಂತ ನಂಬಿದ್ದೆ. ಹೇಳಿದ್ರೆ ಬಂದೂಕು ಕಿತ್ಕೋತಾರೆ ಅಂತ ಭಯ."

"ಯಾರದಾದ್ರೂ ಕೈ ಹೋಗಿದ್ರೆ?"

ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

ಕಸ ಗುಡಿಸುವವನು ರಜೆ ಮುಗಿಸಿ ಬಂದಾಗ ಅವಳು ಬಾವಿಕಟ್ಟೆಯ ಬಳಿ ತಡೆದು ತಪ್ಪಾಯಿತೆಂದಳು.

"ಚೀಲ ನೋಡಿದ್ದು ಎಲ್ರ ಮುಂದೆ. ತಪ್ಪಾಯ್ತು ಅನ್ನೋದು ಯಾರೂ ಇಲ್ದಾಗ್ಲೇನಕ್ಕ?" ಎಂದು ಅವನು ಪೊರಕೆ ಎತ್ತಿಕೊಂಡ.

ಭಾನುವಾರ, ಸಾಲು ನಿಂತವರೆಲ್ಲ ಕೇಳುವಂತೆ, ಅವಳು ಅದನ್ನೇ ಮತ್ತೆ ಹೇಳಿದಳು. ಅವನು ತಲೆಯಾಡಿಸಿದ, ನಗಲಿಲ್ಲ.

ಆಸ್ಪತ್ರೆಯಲ್ಲಿ ಮೇಷ್ಟ್ರ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣು ತಿಳಿಯಾಯಿತು, ಇನ್ನೊಂದು ಅಷ್ಟಕ್ಕಷ್ಟೇ. ಅವರೀಗ ಬಂದೂಕು ಮುಟ್ಟದೆ ಬೆಂಚಿನ ಮೇಲೆ ಕೂತು ಶಿಷ್ಯೆಗೆ ಕೂಗಿ ಕೂಗಿ ಕಲಿಸುತ್ತಾರೆ.