ಜೊಹರಾಳ ಜೊತೆ ತೊಕ್ಕೊಟ್ಟಿಗೆ

ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟ ಬಸ್ಸು ಘಟ್ಟ ಇಳಿದು, ಅಂಕೋಲೆಯಲ್ಲಿ ಊಟಕ್ಕೆ ನಿಂತು, ಕಡಲ ಬದಿಯ ರಸ್ತೆ ಹಿಡಿದು ಮಂಗಳೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಫೆಬ್ರವರಿ ತಿಂಗಳು. ಧಾರವಾಡದ ಚಳಿಗೆಂದು ಹೊದ್ದಿದ್ದ ಶಾಲು ಕುಂದಾಪುರ ದಾಟುವ ಮೊದಲೇ ಚೀಲ ಸೇರಿತ್ತು. ಇಳಿದಾಗ ರವಿಕೆ ಬೆನ್ನಿಗೆ ಅಂಟಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಕೊನೆಯ ವರ್ಷದಲ್ಲಿದ್ದೆ. ಮನೋರೋಗದ ವಿಭಾಗ ಆರಿಸಿಕೊಂಡವರು ಯಾವುದಾದರೂ ಆಸ್ಪತ್ರೆಯಲ್ಲಿ ಒಂದು ತಿಂಗಳು ತರಬೇತಿ ಪಡೆಯಬೇಕಿತ್ತು; ನನಗೆ ಸಿಕ್ಕಿದ್ದು ಮಂಗಳೂರಿನದು. ಈ ಕೆಲಸಕ್ಕೆ ಆಗ ನಮ್ಮ ಕಡೆ ಕನ್ನಡದ ಹೆಸರೇ ಇರಲಿಲ್ಲ. "ಮನಸ್ಸಿನ ಕಾಯಿಲೆಯವರ ಕೂಡ, ಅವರ ಮನೆಯವರ ಕೂಡ ಮಾತಾಡೂದು" ಎಂದು ನಾನು ವಿವರಿಸಿದಾಗ ಪಕ್ಕದ ಮನೆಯ ಕಾಕಾ ನಕ್ಕಿದ್ದರು. "ಮಾತಾಡಲಿಕ್ಕೂ ಎರಡು ವರ್ಷ ಕಲೀಬೇಕೇನವಾ?"

ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಕಲಿಸುವವರು ವಾರಿಜಾ ಮೇಡಂ. ದಿನವೂ ಕಾವೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಮಾತು ತುಳು, ವಾರ್ಡಿನಲ್ಲಿ ಕೊಂಕಣಿ, ಅಲ್ಲಿಯ ಮುಸ್ಲಿಮರಾಡುವ ಬ್ಯಾರಿ ಭಾಷೆ ಎಲ್ಲ ಸಲೀಸು.

"ಎಂತ ಕಲೀಲಿಕ್ಕೆ ಬಂದದ್ದು?" ಎಂದು ಕೇಳಿದರು.

"ಕೌನ್ಸೆಲಿಂಗ್ ಕಲೀಲಿಕ್ಕೆ ಬಂದೇನ್ರಿ."

"ಹಾಗಾದ್ರೆ ಒಂದು ವಾರ ಬರೀ ಕೇಳಿ. ನಿಮ್ಮ ಧಾರವಾಡದ ಕನ್ನಡ ಇಲ್ಲಿಯವರಿಗೆ ಜಗಳ ಮಾಡಿದ ಹಾಗೆ ಕೇಳ್ತದೆ ಮಾರಾಯ್ರೆ."

ಕೇಳುತ್ತ ಕೂತೆ. ಆ ವಾರ ನನ್ನ ಪಾಲಿಗೆ ಬಂದವಳು ಜೊಹರಾ. ಇಪ್ಪತ್ತರ ಆಸುಪಾಸಿನ ಹೆಣ್ಣು, ಗಂಡ ಹಮೀದ್ ದುಬೈಯಲ್ಲಿ. ಹೆರಿಗೆಯಾದ ಮೇಲೆ ಅವಳಿಗೆ ನಿದ್ದೆ ಬಾರದಾಯಿತು. ಇದು ನನ್ನ ಮಗುವೇ ಅಲ್ಲ ಎನ್ನತೊಡಗಿದಳು. ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ನೇತ್ರಾವತಿಯ ದಡಕ್ಕೆ ನಡೆದಳು. ಬಲೆ ಒಣಗಿಸುತ್ತಿದ್ದವರು ತಡೆದು ಮನೆಗೆ ಕರೆತಂದರು. ಆಸ್ಪತ್ರೆ ಸೇರಿ ಕೆಲವು ತಿಂಗಳ ಔಷಧಿಯಿಂದ ಈಗ ಗುಣವಾಗಿತ್ತು. ಆದರೆ ಅತ್ತೆ ಐಸಮ್ಮ ಸೊಸೆಯನ್ನು ಕರೆದೊಯ್ಯಲು ಬಂದಿರಲಿಲ್ಲ. ತವರಿನಲ್ಲಿ ಯಾರೂ ಇರಲಿಲ್ಲ. ಮಗು ಅತ್ತೆಯ ಬಳಿಯಿತ್ತು.

ಎರಡನೆಯ ವಾರದ ಕೊನೆಗೆ ಮೇಡಂ, "ನೀವೇ ಅವಳನ್ನು ಮನೆಗೆ ಬಿಟ್ಟು ಬನ್ನಿ. ಅತ್ತೆಗೆ ಹೇಳಿ ಕಳಿಸಿದ್ದೇನೆ. ಅವರನ್ನು ಉಮ್ಮ ಅಂತ ಕರೀರಿ, ಅಮ್ಮ ಅಂತ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತುಂಟು ಅನ್ಬೇಡಿ" ಎಂದರು.

ಹಂಪನಕಟ್ಟೆಯಲ್ಲಿ ಅವಳ ಊರಾದ ತೊಕ್ಕೊಟ್ಟಿನ ಬಸ್ಸು ಹತ್ತಿದೆವು. ಟಿಕೆಟ್ಟಿಗೆ ಚಿಲ್ಲರೆ ಸಾಕಾಯಿತು. ದೂರವೂ ಹೆಚ್ಚಲ್ಲ, ಐದಾರು ಮೈಲಿ. ಜೆಪ್ಪಿನಮೊಗರು ಕಳೆದು ಬಸ್ಸು ಸೇತುವೆಗೆ ಬಂತು. ನದಿ ಅಗಲವಾಗಿ, ಕಂದು ಬಣ್ಣದಲ್ಲಿ ನಿಂತ ಹಾಗಿತ್ತು. ದಡದಲ್ಲಿ ಹಂಚಿನ ಕಾರ್ಖಾನೆಯ ಹೊಗೆಗೊಳವೆಗಳು. ಜೊಹರಾ ಕಿಟಕಿಯ ಬದಿಯಲ್ಲಿದ್ದಳು. ಮುಖ ತಿರುಗಿಸುತ್ತಾಳೆಂದುಕೊಂಡೆ, ತಿರುಗಿಸಲಿಲ್ಲ.

"ಅಲ್ಲಿಗೆ ಹೋದದ್ದು ನೆನಪುಂಟು. ಯಾಕೆ ಹೋದೆ ಅಂತ ಮಾತ್ರ ಈಗ ಗೊತ್ತಾಗುವುದಿಲ್ಲ" ಎಂದಳು. ಸೇತುವೆ ದಾಟಿದ ಮೇಲೆ ಕೇಳಿದಳು: "ಮಗುವಿಗೆ ನನ್ನ ಗುರ್ತ ಸಿಗ್ತದಾ?"

ಪುಸ್ತಕದಲ್ಲಿ ಓದಿದ ನಾಲ್ಕೈದು ಉತ್ತರಗಳು ನಾಲಿಗೆಗೆ ಬಂದವು. ಅವನ್ನೆಲ್ಲ ಬಿಟ್ಟು, "ಮೊದಲ ದಿನ ಸಿಗಲಿಕ್ಕಿಲ್ಲ" ಎಂದೆ. ಅವಳು ತಲೆಯಾಡಿಸಿದಳು.

ತೊಕ್ಕೊಟ್ಟಿನ ಪೇಟೆಯ ಹಿಂದೆ ಓಣಿಯಲ್ಲಿ ಹಂಚಿನ ಮನೆ. ಐಸಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದಾರಿ ಬಿಟ್ಟರು. ಜೊಹರಾ ಕೈ ಚಾಚಿದಳು. ಮಗು ಅಜ್ಜಿಯ ಕೊರಳಿಗೆ ಮುಖ ಒತ್ತಿ ಅಳತೊಡಗಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಐಸಮ್ಮ ನನ್ನೆದುರು ಕೂತರು. "ಒಂದೇ ಕೇಳ್ತೇನೆ. ಇದು ಪುನಃ ಬರ್ತದಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬರುವುದಿಲ್ಲ ಎಂದರೆ ಸುಳ್ಳು, ಬರಬಹುದು ಎಂದರೆ ಅವಳನ್ನು ನನ್ನ ಜೊತೆಗೇ ವಾಪಸು ಕಳಿಸಿಯಾರು.

"ಬರಬಹುದು, ಉಮ್ಮ. ಇನ್ನೊಂದು ಹೆರಿಗೆಯಾದರೆ ಜಾಸ್ತಿ ಎಚ್ಚರ ಬೇಕು. ಬಂದರೂ ಔಷಧಕ್ಕೆ ಗುಣವಾಗ್ತದ. ಮೊದಲು ನಿದ್ದಿ ಬರೂದಿಲ್ಲ, ಒಬ್ಬಳೇ ಮಾತಾಡ್ತಾಳ. ಅಷ್ಟು ಕಂಡ ಕೂಡಲೇ ಕರಕೊಂಡು ಬರ್ರಿ. ತಡಾ ಮಾಡಬ್ಯಾಡ್ರಿ."

ಅವರು ಮಗುವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, "ನೂಲು ಮಂತ್ರಿಸಿ ಕೊಟ್ಟವರು ಇದ್ದಾರೆ, ಬೇರು ಕೊಟ್ಟವರು ಇದ್ದಾರೆ. ಎಲ್ಲರೂ ಕಾಯಿಲೆ ಇನ್ನು ಬರುವುದಿಲ್ಲ ಅಂದದ್ದು. ಯಾರೂ ತಿರುಗಿ ನೋಡಲಿಲ್ಲ. ನೀವು ಬರಬಹುದು ಅಂತೀರಿ. ಹಾಗಾದ್ರೆ ನೀವೂ ಪುನಃ ಬರ್ಬೇಕು" ಎಂದರು.

"ಬರ್ತೇನ್ರಿ."

"ಅವಳು ಇರಲಿ. ಆದರೆ ಮಗು ನನ್ನ ಹತ್ರ ಮಲಗ್ತದೆ. ಅವಳ ಒಟ್ಟಿಗೆ ಅದನ್ನು ಒಂಟಿಯಾಗಿ ಬಿಡುವುದಿಲ್ಲ."

ಜೊಹರಾ ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆಗ್ಲಿ ಉಮ್ಮ" ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಕೆಂಪಾಗಿತ್ತು. ತೆಳ್ಳಗಿನ ಅಕ್ಕಿರೊಟ್ಟಿ ಕೊಟ್ಟರು, ಅದಕ್ಕೆ ಪತ್ತಿರ್ ಎನ್ನುತ್ತಾರಂತೆ. ಊರು ಬಿಟ್ಟ ಮೇಲೆ ಹೊಟ್ಟೆ ತುಂಬಾ ತಿಂದದ್ದು ಅಲ್ಲಿಯೇ.

ಆಸ್ಪತ್ರೆಗೆ ಮರಳಿ ನಡೆದದ್ದನ್ನು ಹೇಳಿದೆ. "ಬರಬಹುದು ಅಂದಿರಾ?" ಎಂದು ಮೇಡಂ ಪೆನ್ನು ಕೆಳಗಿಟ್ಟರು. ನಾನು ಹೌದೆಂದೆ. "ಒಳ್ಳೇದಾಯ್ತು" ಎಂದು ಮತ್ತೆ ಬರೆಯತೊಡಗಿದರು. ಅವರು ಹೊಗಳುವ ರೀತಿಯೇ ಅಷ್ಟು.

ತರಬೇತಿ ಮುಗಿಯಿತು. ಮರುದಿನ ಊರಿಗೆ ಹೊರಡುವುದಿತ್ತು. ಕೊಟ್ಟ ಮಾತಿನಂತೆ ಮತ್ತೆ ತೊಕ್ಕೊಟ್ಟಿಗೆ ಹೋದೆ. ಸೆಕೆ ಇನ್ನೂ ಏರಿತ್ತು. ಅಂಗಳದಲ್ಲಿ ಜೊಹರಾ ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಅತ್ತೆ ಪಕ್ಕದಲ್ಲೇ ಕೂತು ಬಿಸಿನೀರು ತೋಡಿ ಕೊಡುತ್ತಿದ್ದರು. ಮಗು ಅಳುತ್ತಿತ್ತು, ಆದರೆ ಅದು ನೀರಿಗೆ ಅಳುವ ಅಳು. ನಿದ್ದೆ, ಊಟ, ಮಾತ್ರೆ ವಿಚಾರಿಸಿದೆ. ಎಲ್ಲ ಸರಿ ಉಂಟು ಎಂದರು ಐಸಮ್ಮ. ಸೊಸೆ ರಾತ್ರಿ ಎದ್ದು ಕೂತರೆ ತಮಗೂ ಎಚ್ಚರವಾಗುತ್ತದೆ ಎಂದೂ ಹೇಳಿದರು.

ನಾನು ಹೊರಡಲು ಎದ್ದೆ. ಐಸಮ್ಮ ಮಗುವಿಗೆ ಅಂಗಿ ತೊಡಿಸಿ, ಒಂದು ಕ್ಷಣ ಎದೆಗವಚಿ, ಆಮೇಲೆ ಜೊಹರಾಳ ಕೈಗಿತ್ತರು. "ಇವರನ್ನು ಬಸ್ಸಿಗೆ ಬಿಟ್ಟು ಬಾ" ಎಂದರು. ಚಪ್ಪಲಿ ಮೆಟ್ಟಿ ಅವರೂ ಹಿಂದೆ ಬರುತ್ತಾರೆಂದುಕೊಂಡೆ. ಅವರು ಜಗಲಿಯ ಕಂಬ ಹಿಡಿದು ನಿಂತರು, ಕೆಳಗಿಳಿಯಲಿಲ್ಲ.

ಓಣಿಯುದ್ದಕ್ಕೂ ಜೊಹರಾ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ನಡೆದಳು. ಬಸ್ಸು ಬಂತು, ಹತ್ತಿ ಕೂತೆ. ಕಿಟಕಿಯಿಂದ ತಿರುಗಿ ನೋಡಿದಾಗ ಅವಳು ಬಿಸಿಲಿಗೆ ಮಗುವಿನ ತಲೆಯ ಮೇಲೆ ಸೆರಗು ಹೊದಿಸಿ, ಮೀನಿನಂಗಡಿಗಳ ನಡುವೆ ದಾರಿ ಮಾಡಿಕೊಂಡು ಮನೆಯ ಕಡೆ ಹೊರಟಿದ್ದಳು.