ಗಿರಿಜಕ್ಕನಿಗೆ ಕೇಳಿಸಿದ ದನಿ

ಗಿರಿಜಕ್ಕ, ಭದ್ರಾವತಿಯ ನಿಮ್ಮ ಹಳೆಯ ಮನೆಯಲ್ಲಿ ದೆವ್ವ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ, ನೀವು ಕೇಳಿದ ದಿನ, ಇದೆ ಎಂದೆ.

ನಿಮ್ಮ ಕೆಳಮನೆಯನ್ನು ಗೋದಾಮಿಗೆ ಬಾಡಿಗೆ ಹಿಡಿಯುವಾಗ ಧೂಪದ ಸಾಮಾನು ಇಡುತ್ತೇನೆ ಎಂದಿದ್ದೆ. ಅರ್ಧ ನಿಜ. ಅದು ಹೊರದೇಶದಿಂದ ಹಡಗಿನಲ್ಲಿ ತರಿಸಿದ ಇದ್ದಿಲಿನ ಬಿಲ್ಲೆ — ಸಾಂಬ್ರಾಣಿ, ಲೋಬಾನ ಹಾಕಲು ಬಳಸುವಂಥದ್ದು. ಕಡ್ಡಿ ತಾಗಿಸಿದರೆ ಸಾಕು, ತಾನೇ ಕೆಂಡವಾಗುತ್ತದೆ. ಬೇಗ ಹೊತ್ತಿಕೊಳ್ಳುವ ಸರಕು ಎಂದರೆ ಹಡಗಿನವರು ನೂರೆಂಟು ಪ್ರಶ್ನೆ ಕೇಳುತ್ತಾರೆ, ಕೆಲವರು ಹೇರಿಕೊಳ್ಳುವುದೇ ಇಲ್ಲ. ನಾನು ಸಣ್ಣ ವ್ಯಾಪಾರಿ. ದೀಪಾವಳಿಯೊಳಗೆ ಮಾಲು ಬರಬೇಕಿತ್ತು. ಆ ಮಾತನ್ನೇ ಎತ್ತಬೇಡಿ ಎಂದು ಕಳಿಸುವವರಿಗೆ ಹೇಳಿದೆ. ಹೊಸ ಇದ್ದಿಲನ್ನು ಗಾಳಿಗೆ ಆರಲು ಬಿಟ್ಟು ಆಮೇಲೆ ಕಟ್ಟಬೇಕು, ಇಲ್ಲದಿದ್ದರೆ ಪೆಟ್ಟಿಗೆಯೊಳಗೇ ತಾನಾಗಿ ಕಾಯುತ್ತದೆ. ಅದಕ್ಕೂ ಪುರುಸೊತ್ತು ಕೊಡಲಿಲ್ಲ. ಶಿವಮೊಗ್ಗದ ಗೋದಾಮಿನವರು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಾರೆಂದು ನಿಮ್ಮಲ್ಲಿಗೆ ಬಂದೆ. ನೀವು ಏನೂ ಕೇಳಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಿರಿ.

ಮಾಲು ಇಳಿಸಿದ ಕೆಲವು ದಿನಕ್ಕೆ ಬಂದು ನೋಡಿದರೆ ನಡುಸಾಲಿನ ಪೆಟ್ಟಿಗೆಗಳು ಬೆಚ್ಚಗಿದ್ದವು. ಬಿಸಿಲೇ ಬೀಳದ ಕೋಣೆ ಅದು. ಹೊಗೆಯಿಲ್ಲ, ವಾಸನೆಯಿಲ್ಲ — ಅಂಗೈಗೆ ಮಾತ್ರ ಜ್ವರ ಬಂದವರ ಮೈ ಮುಟ್ಟಿದ ಹಾಗೆ... ಬಂದರಿನಿಂದ ಮಾಲು ಬಿಡಿಸಿಕೊಡುತ್ತಿದ್ದ ಮಂಗಳೂರಿನ ಏಜೆಂಟರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಇದ್ದಿಲು ಒಳಗೊಳಗೇ ಉರಿಯುತ್ತಿದೆ ಎಂದರು. ಅದರಿಂದ ಕಣ್ಣಿಗೂ ಮೂಗಿಗೂ ಸಿಗದ ವಿಷಗಾಳಿ ಹೊರಡುತ್ತದಂತೆ. ತಲೆ ಸಿಡಿಯುತ್ತದೆ, ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಹೆಚ್ಚಾದರೆ ಮಲಗಿದವರು ಏಳುವುದಿಲ್ಲ. ಕೂಡಲೇ ಎಲ್ಲವನ್ನೂ ಬಯಲಿಗೆ ಹಾಕಿಸಿ ಎಂದರು. ಆಮೇಲೆ ಕೇಳಿದರು:

"ಮೇಲೆ ಯಾರೂ ವಾಸ ಇಲ್ಲ ಅಲ್ವಾ ಮಾರಾಯ್ರೆ?"

"ಯಾರೂ ಇಲ್ಲ" ಎಂದೆ.

ಬಯಲಿಗೆ ಹಾಕಿಸಿದರೆ ಬೀದಿಯೆಲ್ಲ ನೋಡುತ್ತದೆ, ಮಾತು ಬಂದರಿನ ತನಕ ಹೋಗುತ್ತದೆ — ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಹಿಂದಿನ ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟು ಬಾಗಿಲಿಗೆ ಬೀಗ ಹಾಕಿದೆ. ಆ ಕಿಟಕಿಯ ನೆತ್ತಿಗೇ ನಿಮ್ಮ ಅಡುಗೆಮನೆಯ ಕಿಟಕಿ ಎಂದು — ನೋಡಿದ್ದೆ. ನೋಡಿಯೂ...

ನಿಮಗೆ ತಲೆನೋವು ಹಿಡಿಯಿತು. ನಿಮ್ಮ ಯಜಮಾನರು ಸದಾಶಿವಣ್ಣನಿಗೂ ಇತ್ತು, ಕಾರ್ಖಾನೆಯ ಹೊಗೆಯದು ಎಂದುಕೊಂಡರು. ಅವರು ಪಾಳಿಗೆ ಹೋದ ಮೇಲೆ ನೀವು ದಿನವೆಲ್ಲ ಆ ಮನೆಯಲ್ಲಿ ಒಬ್ಬರೇ. ತೀರಿಕೊಂಡಿದ್ದ ನಿಮ್ಮ ಅತ್ತೆ ಹೆಸರು ಹಿಡಿದು ಕರೆಯತೊಡಗಿದರು. ಮೊದಲು ಹಿತ್ತಲಿನಿಂದ, ಆಮೇಲೆ ಮೆಟ್ಟಿಲಿನಿಂದ, ಕೊನೆಗೆ ಬೆನ್ನ ಹಿಂದಿನಿಂದಲೇ.

ಒಂದು ಮಧ್ಯಾಹ್ನ ನಾನು ಬಂದಾಗ ನೀವು ಮೆಟ್ಟಿಲ ಮೇಲೆ ಕೂತಿದ್ದಿರಿ. ಮುಖ ವಿಪರೀತ ಕೆಂಪಗಿತ್ತು.

"ಮಹೇಶ, ಕೆಳಗೆ ಇರೋವಾಗ ನಿಂಗೂ ಕೇಳ್ಸುತ್ತಾ? ಇವರು ನಂಗೆ ಹುಚ್ಚು ಅಂತಾರೆ."

ನಿಜ ಹೇಳಲು ಒಂದು ಮಾತು ಸಾಕಿತ್ತು.

"ಕೇಳ್ಸಿದೆ ಅಕ್ಕ" ಎಂದೆ. "ಹೆಂಗಸಿನ ದನಿ. ಈ ಮನೇಲಿ ಇರ್ಬೇಡಿ ನೀವು."

ನಿಮ್ಮನ್ನು ಉಳಿಸಲೆಂದೇ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ನೀವು ಕೆಳಮನೆಯ ಬಾಗಿಲು ತೆಗೆಸಬಾರದು — ಅದಕ್ಕೇ ಹೇಳಿದ್ದು. ನಿಮ್ಮ ಮುಖದಲ್ಲಿ ಮೊದಲು ಸಮಾಧಾನ ಕಂಡಿತು. ಅದರ ಹಿಂದೆಯೇ ಬಂದ ಭಯವನ್ನೂ ನಾನು ನಿಂತು ನೋಡಿದೆ.

ಅದೇ ವಾರ ಸದಾಶಿವಣ್ಣ ಪಾಳಿ ಮುಗಿಸಿ ಬಂದಾಗ ನೀವು ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಿರಿ. ಡಾಕ್ಟರು ನಿಶ್ಶಕ್ತಿ ಎಂದರು. ತವರಿಗೆ ಹೋದದ್ದೇ ನೀವು ಚೇತರಿಸಿಕೊಂಡಿರಿ. ದೋಷ ಮನೆಯದೇ ಎನ್ನಲು ಎಲ್ಲರಿಗೂ ಅದೇ ಸಾಕ್ಷಿಯಾಯಿತು. ನೀವು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಸದಾಶಿವಣ್ಣ ಮನೆಯನ್ನು ಸಿಕ್ಕಷ್ಟಕ್ಕೆ ಮಾರಿದರು.

ನಾನು ಮಾಲು ಸಾಗಿಸುವಾಗ ನಡುಸಾಲಿನ ಪೆಟ್ಟಿಗೆಗಳು ತಣ್ಣಗಾಗಿದ್ದವು, ತೀರಾ ಹಗುರಾಗಿದ್ದವು. ಒಂದನ್ನು ಬಿಚ್ಚಿದೆ. ರಟ್ಟು ಕಂದಾಗಿತ್ತು. ಬಿಲ್ಲೆಗಳು ಜೋಡಿಸಿದ ಹಾಗೆಯೇ ಸಾಲಾಗಿ ಕೂತಿದ್ದವು — ಬೆಳ್ಳಗೆ. ನನ್ನ ಉಸಿರು ತಾಗಿದ್ದಕ್ಕೇ ಬೂದಿಯಾಗಿ ಕುಸಿದವು. ಉಳಿದದ್ದನ್ನು ದೀಪಾವಳಿಗೆ ಮಾರಿದೆ.

ಹೋದ ತಿಂಗಳು ನವುಲೆಯಲ್ಲಿ ನಿಮ್ಮ ಮಗನ ಮನೆಯ ಗೃಹಪ್ರವೇಶಕ್ಕೆ ನೀವೇ ಫೋನ್ ಮಾಡಿ ಕರೆದಿರಿ. ಸೊಸೆಗೆ ನನ್ನನ್ನು ತೋರಿಸಿ, "ಆಗ ನನ್ನ ಮಾತು ನಂಬಿದ್ದು ಇವನೊಬ್ಬನೇ ಕಣಮ್ಮ" ಎಂದಿರಿ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು, ಯಾರಿಗೂ ಹೇಳದ್ದನ್ನು ನನಗೆ ಹೇಳಿದಿರಿ. ಕೊನೆಯ ದಿನ ಅತ್ತೆ ನೀರು ಕೇಳಿದಾಗ ನಿಮಗೆ ಜೊಂಪು ಹತ್ತಿತ್ತಂತೆ. ಎದ್ದು ನೋಡುವಾಗ ಜೀವ ಇರಲಿಲ್ಲವಂತೆ.

"ಅವ್ರು ನನ್ನ ಕ್ಷಮಿಸ್ಲಿಲ್ಲ ಮಹೇಶ. ಅದಕ್ಕೇ ಕರೀತಿದ್ರು. ಈಗ್ಲೂ ತಲೆ ಹತ್ರ ಒಂದು ಚೊಂಬು ನೀರಿಟ್ಟೇ ಮಲಗ್ತೀನಿ."

ನಾನು ತಲೆ ತಗ್ಗಿಸಿ ಊಟ ಮುಗಿಸಿದೆ. ತಾಂಬೂಲ ತೆಗೆದುಕೊಂಡು ಬಂದುಬಿಟ್ಟೆ.

ನಿಮ್ಮ ಅತ್ತೆ ಕರೆಯಲಿಲ್ಲ ಅಕ್ಕ. ಇಷ್ಟು ವರ್ಷ ನೀವು ಹೆದರಿದ್ದು ನನ್ನ ಇದ್ದಿಲಿಗೆ, ನನ್ನ ಸುಳ್ಳಿಗೆ. ಈ ಭಾನುವಾರ ನವುಲೆಗೆ ಬರುತ್ತೇನೆ. ಸದಾಶಿವಣ್ಣ, ಮಗ, ಸೊಸೆ ಎಲ್ಲರೂ ಇರಲಿ; ಅವರೆದುರಿಗೇ ಹೇಳಬೇಕು. ನೀವು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತು ಹೇಳುತ್ತೇನೆ.