ವಾಪಸ್ ಪಡೆದ ನನ್ನ ಹೆಸರು

ಮೂರು ವರ್ಷದ ಹಿಂದಿನ ಮಾತು. ಹೊರಗಡೆ ಇಪ್ಪತ್ತು ವರ್ಷ ನೌಕರಿ ಮಾಡಿ ಗಜೇಂದ್ರಗಡಕ್ಕೆ ಬಂದು ನೆಲೆಸಿದ್ದೆ. ಕೆಲಸ, ಮನೆಯಲ್ಲೇ ಕೂತು ಕರ್ನಲ್ ಡ್ರೈವರುಗಳ ಪರಿಶೀಲನೆ. ಕರ್ನಲ್ ಎಂದರೆ ಕಂಪ್ಯೂಟರನ್ನು ಆಳುವ ಮೂಲ ತಂತ್ರಾಂಶ. ಡ್ರೈವರ್ ಎಂದರೆ ಅದಕ್ಕೂ ಒಂದು ಸಾಧನಕ್ಕೂ ನಡುವೆ ಮಾತು ದಾಟಿಸುವ ಕೋಡ್. ಯಾರೋ ಬರೆದದ್ದನ್ನು ಓದಿ, ತಪ್ಪು ಹುಡುಕಿ, ಸರಿಯಿದ್ದರೆ ‘ರಿವ್ಯೂಡ್-ಬೈ’ ಎಂದು ನನ್ನ ಹೆಸರು ಹಾಕಬೇಕು. ಓಣಿಯವರ ಕಣ್ಣಿಗೆ ನಾನು ಕೆಲಸವಿಲ್ಲದ ಹೆಂಗಸು. ಇಡೀ ದಿನ ಒಂದು ಮಾತೂ ಆಡದೆ ಕಳೆದದ್ದು ಎಷ್ಟು ಸಲವೋ.

ಆಗ ಬಂದದ್ದು ಮಿರೆಕ್‌ನ ಡ್ರೈವರ್. ದೂರದೇಶದ ತರುಣ, ನಾನವನ ಮುಖ ನೋಡಿದವಳಲ್ಲ. ದೊಡ್ಡ ಕಂಪ್ಯೂಟರಿನೊಳಗೆ ಬರೀ ತಂತ್ರಾಂಶವಾಗಿ ನಡೆಯುವ ವರ್ಚುವಲ್ ಕಂಪ್ಯೂಟರಿಗೆ, ಕರೆಂಟು ಹೋದರೂ ಅಳಿಯದ ಮೆಮೊರಿ ನಿನ್ನಲ್ಲಿದೆ ಎಂದು ನಂಬಿಸಲಾಗುತ್ತದೆ. ನಿಜದಲ್ಲಿ ಅದು ಹೊರಗಿನ ಡಿಸ್ಕಿನ ಒಂದು ಫೈಲ್. ಒಳಗಿನದು ‘ಫ್ಲಶ್’ ಎಂದಾಗ ಹೊರಗಿನದು ಎಲ್ಲವನ್ನೂ ಡಿಸ್ಕಿಗೆ ಬರೆದು ‘ಆಯಿತು’ ಎನ್ನಬೇಕು. ಈ ಮಾತು ದಾಟಿಸುವುದೇ ಮಿರೆಕ್‌ನ ಡ್ರೈವರಿನ ಕೆಲಸ. ಆ ‘ಆಯಿತು’ ಸುಳ್ಳಾದರೆ, ಕರೆಂಟು ಹೋದ ಕ್ಷಣಕ್ಕೆ ಯಾರದೋ ದವಾಖಾನೆಯ ದಾಖಲೆ ಮಾಯ.

ನಾಲ್ಕು ಆವೃತ್ತಿಗಳಲ್ಲಿ ನಾನು ತಪ್ಪು ತೆಗೆದೆ, ಅವನು ತಿದ್ದಿದ. ಪ್ರತಿ ಮೇಲ್‌ನ ಕೊನೆಗೆ ಇಲ್ಲಿನ ಬಿಸಿಲು, ನನ್ನ ಊಟ ವಿಚಾರಿಸುತ್ತಿದ್ದ. ಅದು ಬರದ ದಿನ ಮನೆ ಭಣಭಣ ಎನ್ನುತ್ತಿತ್ತು. ಐದನೆಯದರಲ್ಲಿ ವೇಗಕ್ಕಾಗಿ ಹೊಸ ಉಪಾಯ: ಒಂದು ಫ್ಲಶ್ ನಡೆಯುತ್ತಿದ್ದರೆ, ಆಮೇಲೆ ಬಂದ ಕೋರಿಕೆಗಳೂ ಅದರ ಉತ್ತರವನ್ನೇ ಹಂಚಿಕೊಳ್ಳುವುದು. ಭಾರಿ ಖುಷಿಯಲ್ಲಿ ಬರೆದಿದ್ದ. ಮತ್ತೆ ಕೊಕ್ಕೆ ಹಾಕಲು ಮನಸ್ಸಾಗದೆ, ಮೇಲೆ ಮೇಲೆ ಓದಿ ಹೆಸರು ಕೊಟ್ಟುಬಿಟ್ಟೆ. ನಾಳೆ ಕರ್ನಲ್‌ಗೆ ಸೇರಿಸಿಕೊಳ್ಳುತ್ತೇನೆಂದು ಆ ವಿಭಾಗದ ಉಸ್ತುವಾರಿ ಬರೆದರು.

ಅದೇ ಸಂಜೆ ಪಕ್ಕದ ಮನೆಯ ನೇಕಾರ್ತಿ ಶಾಂತವ್ವ ಸಿಟ್ಟಿನಿಂದ ಬಂದಳು. ನಮ್ಮಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗಂಟು ಕಳಿಸುವುದು ರೂಢಿ. ರೋಣಕ್ಕೆ ಹೋಗಬೇಕಾದ ಸೀರೆಯನ್ನು ಅವಳು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಕಂಡಕ್ಟರಿಗೆ ಮುಟ್ಟಿಸಲೆಂದು ಕೊಟ್ಟು ಬಂದಿದ್ದಳು. ಅಂಗಡಿಯವ ರೋಣಕ್ಕೆ ಫೋನ್ ಮಾಡಿ ಕೇಳಿ, ಮುಟ್ಟಿದೆ ಎಂದನಂತೆ.

“ಗಾಡಿ ಮುಟ್ಟೈತಿ, ಖರೇ. ನಾ ಗಂಟು ಕೊಡೂದ್ರಾಗ ಗಾಡಿ ಬಿಟ್ಟಿತ್ತಂತ್ರೀ! ನನ್ನ ಸೀರಿ ಅಂಗಡ್ಯಾಗ ಕುಂತೈತಿ. ಅದು ಮುಟ್ಟೈತಿ ಅಂತ ಹ್ಯಾಂಗ ಹೇಳಿದಾ ಅಂವಾ?”

ನಗತೊಡಗಿದವಳು ಅರ್ಧಕ್ಕೇ ನಿಂತೆ. ಮಿರೆಕ್‌ನ ಕೋಡಿನಲ್ಲೂ ಇದೇ ಆಗಿತ್ತು. ಫ್ಲಶ್ ಹೊರಟ ಮೇಲೆ ಬಂದ ಬರಹಕ್ಕೂ ಮೊದಲೇ ಹೊರಟಿದ್ದರ ‘ಆಯಿತು’ ಸಿಗುತ್ತಿತ್ತು.

“ಯಾಕ್ರೀ ಅಕ್ಕಾರ, ಮಾರಿ ಸಣ್ಣ ಆತಲ್ಲ?” ಎಂದಳು.

“ನಾನೂ ಅಂವನಂಗ ಮುಟ್ಟೈತಿ ಅಂದೀನಿ ಶಾಂತವ್ವಾ” ಎಂದೆ. ಅವಳಿಗೆ ತಿಳಿಯಲಿಲ್ಲ.

ಕೂತು ಪರೀಕ್ಷಿಸಿದೆ. ಒಂದು ಬರಹದ ಫ್ಲಶ್ ನಡೆಯುತ್ತಿರುವಾಗಲೇ ಇನ್ನೊಂದನ್ನು ಕೊಟ್ಟು, ಎರಡಕ್ಕೂ ‘ಆಯಿತು’ ಬಂದೊಡನೆ ಹೊರಗಿನ ಕಂಪ್ಯೂಟರಿನ ಪವರ್ ಕಿತ್ತರೆ ಎರಡನೆಯದು ಇಲ್ಲ. ಇದನ್ನು ಎಲ್ಲರ ಮುಂದೆ ಬರೆಯಬೇಕಿತ್ತು. ಬರೆದರೆ ಮಿರೆಕ್‌ನ ತಿಂಗಳುಗಳ ದುಡಿಮೆ ಕರ್ನಲ್‌ನ ಈ ಬಿಡುಗಡೆಯಲ್ಲಿ ಸೇರುವುದು ತಪ್ಪುತ್ತದೆ. ನನ್ನನ್ನು ಮಾತಾಡಿಸಲು ಇದ್ದೊಬ್ಬ ಮನುಷ್ಯನೂ ತಪ್ಪುತ್ತಾನೆ. ಸುಳ್ಳೇಕೆ, ಅತ್ತುಬಿಟ್ಟೆ. ಆಮೇಲೆ ಬರೆದೆ: “ಐದನೆಯ ಆವೃತ್ತಿಯನ್ನು ನಾನು ಸರಿಯಾಗಿ ಓದಿರಲಿಲ್ಲ. ನನ್ನ ಹೆಸರು ತೆಗೆಯಿರಿ.” ಪರೀಕ್ಷೆಯ ಫಲಿತಾಂಶವನ್ನೂ ಜೊತೆಗಿಟ್ಟೆ.

“ಸರಿ, ತಿದ್ದುತ್ತೇನೆ” ಎಂದಷ್ಟೇ ಮಿರೆಕ್‌ನಿಂದ ಉತ್ತರ ಬಂತು. ಕೆಲವು ವಾರದ ಮೇಲೆ ಆರನೆಯ ಆವೃತ್ತಿ ಬಂತು. ತಡವಾಗಿ ಬಂದ ಕೋರಿಕೆಗಳು ಅದರಲ್ಲಿ ಮುಂದಿನ ಫ್ಲಶ್‌ಗೇ ಕಾಯುತ್ತಿದ್ದವು. ಎಷ್ಟು ಸಲ ಪವರ್ ಕಿತ್ತರೂ ಒಂದಕ್ಷರ ಕಳೆಯಲಿಲ್ಲ. ಮೇಲ್‌ನಲ್ಲಿ ಕೋಡ್ ಬಿಟ್ಟು ಬೇರೇನೂ ಇರಲಿಲ್ಲ.

ಪರಿಶೀಲಕಿ ತನ್ನ ಹೆಸರನ್ನು ಸ್ನೇಹಕ್ಕೆ ಉಡುಗೊರೆಯಾಗಿ ಕೊಡಬಾರದೆಂದು ಈ ಕೆಲಸ ಕಲಿಸಿತು. ಈ ಸಲ ಪ್ರತಿ ಸಾಲನ್ನೂ ಓದಿ ಹೆಸರು ಹಾಕಿ ಕಳಿಸಿದೆ. ಅದಕ್ಕೆ ಯಾರೂ ಉತ್ತರ ಬರೆಯುವ ಅಗತ್ಯವಿರುವುದಿಲ್ಲ. ಆದರೂ ಮೂರು ದಿನ ಇನ್‌ಬಾಕ್ಸ್ ತೆರೆದಿಟ್ಟುಕೊಂಡೇ ಕೂತಿದ್ದೆ.